ಕೆಂಪು ಗುರುತಿನ ಕುರಿ

ನೆಸ್‌ಗಾರ್ತ್ ಮನೆಯ ಮೆರನ್ ಉಣ್ಣೆಯನ್ನು ತುಟಿಗೆ ತಾಗಿಸಿ ನೋಡುತ್ತಾಳೆ. ದ್ವೀಪದ ಉಣ್ಣೆ ಗಿರಣಿಯಲ್ಲಿ ಉಳಿದವರೆಲ್ಲ ಬೆರಳ ತುದಿಯಲ್ಲಿ ಉಜ್ಜಿ, ನಯವಾದದ್ದು ಒಂದು ಕಡೆ ಒರಟಾದದ್ದು ಇನ್ನೊಂದು ಕಡೆ ಎಂದು ಬೇರ್ಪಡಿಸುತ್ತಾರೆ. ಮೆರನಳ ಬೆರಳುಗಳಿಗೆ ಆ ಭೇದ ತಿಳಿಯದೆ ವರ್ಷಗಳಾದವು. ಅವಳು ಒಂದೆಳೆಯನ್ನು ಕೆಳತುಟಿಯ ಮೇಲೆ ಎಳೆದು, ಕ್ಷಣ ಕಣ್ಣು ಮುಚ್ಚಿ, ಸರಿಯಾದ ಬುಟ್ಟಿಗೆ ಹಾಕುತ್ತಾಳೆ. ಜೊತೆಯವರು ನೋಡುತ್ತಾರೆ. ಏಕೆ ಹೀಗೆ ಎಂದು ಯಾರೂ ಕೇಳಿಲ್ಲ.

ಕೇಳದಿರುವುದೇ ಅಲ್ಲಿನ ಮರ್ಯಾದೆ. ಆರ್ಕ್ನಿಯ ಉತ್ತರ ತುದಿಯ ಆ ದ್ವೀಪದಲ್ಲಿ ಯಾರ ಮನೆಯ ಹಸು ಯಾವಾಗ ಕರು ಹಾಕಿತು, ಯಾರ ದೋಣಿಗೆ ಎಷ್ಟು ನಳ್ಳಿ ಸಿಕ್ಕಿತು ಎಂಬುದೆಲ್ಲ ಸಂಜೆಯೊಳಗೆ ಮನೆಮನೆಗೂ ತಿಳಿಯುತ್ತದೆ. ಆದರೆ ಮೈಯ ಕಾಯಿಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮೆರನ್ ಇಪ್ಪತ್ತೊಂಬತ್ತರ ಹರೆಯದಲ್ಲಿ ವಿಮಾನದಂಗಳದ ಬೆಂಕಿ ಆರಿಸುವ ಪಡೆಯಲ್ಲಿದ್ದಳು. ಎಂಟು ಜನ ಕೂರುವ ಪುಟ್ಟ ವಿಮಾನ ಇಳಿಯುವಾಗೆಲ್ಲ ಶಿರಸ್ತ್ರಾಣ ತೊಟ್ಟು ಕೆಂಪು ಗಾಡಿಯ ಪಕ್ಕ ನಿಲ್ಲುವ ಕೆಲಸ. ಒಂದು ಅಭ್ಯಾಸದ ದಿನ ನೀರಿನ ಕೊಳವೆ ಅವಳ ಕೈಯಿಂದ ಜಾರಿ ಬಿತ್ತು. ಮತ್ತೊಂದು ದಿನವೂ ಬಿತ್ತು. ಅಬರ್ಡೀನಿನ ಆಸ್ಪತ್ರೆಗೆ ಹೋಗಿ ಬಂದಳು. ಮಲ್ಟಿಪಲ್ ಸ್ಕ್ಲೆರೋಸಿಸ್, ಎಂ.ಎಸ್. ಎಂಬ ನರದ ಕಾಯಿಲೆ ಎಂದರು. ಶಿರಸ್ತ್ರಾಣವನ್ನು ಪಡೆಯ ಮುಖ್ಯಸ್ಥ, ಬ್ರೆಕನ್ ಮನೆಯ ಎರ್ಟಿಯ ಕೈಗೆ ಕೊಟ್ಟು, "ಗಿರಣೀಲಿ ಕೆಲಸ ಜಾಸ್ತಿ ಆಗಿದೆ" ಎಂದಳು. ಎರ್ಟಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಹೂಂ, ಈ ವರ್ಷ ಉಣ್ಣೆ ಚೆನ್ನಾಗಿದೆ" ಎಂದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಅವಳ ಜೊತೆ ಬಾಯಿ ಬಿಟ್ಟು ಮಾತಾಡಿದವಳು ದ್ವೀಪದ ದಾದಿ ಫ್ರೀಡಾ ಒಬ್ಬಳೇ. ಅದೂ ಮೆರನಳ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು.

"ನಂಗೇ ಯಾಕೆ?" ಎಂದು ಮೆರನ್ ಅಂದು ಕೇಳಿದ್ದಳು.

"ಗೊತ್ತಿಲ್ಲ ಕಣೇ. ಈ ದ್ವೀಪಗಳಲ್ಲಿ ಇದು ಜಾಸ್ತಿ. ಲೋಕದಲ್ಲಿ ಬೇರೆಲ್ಲೂ ಇಷ್ಟಿಲ್ಲ. ಬಿಸಿಲು ಕಮ್ಮಿ ಅಂತಾರೆ, ರಕ್ತದಲ್ಲೇ ಬರುತ್ತೆ ಅಂತಾರೆ, ಹರೆಯದಲ್ಲಿ ಗಂಟಲು ಊದಿ ಬರುತ್ತಲ್ಲ ಗ್ರಂಥಿ ಜ್ವರ, ಅದರ ವೈರಸ್ಸು ಬಿತ್ತನೆ ಮಾಡುತ್ತೆ ಅಂತಾರೆ. ಬಿಸಿಲು ನಮಗೆಲ್ಲಾರಿಗೂ ಕಮ್ಮೀನೇ. ಆ ವೈರಸ್ಸು ಹೊಗದೆ ಇರೋರೇ ಇಲ್ಲ. ಆದ್ರೂ ಎಲ್ಲಾರಿಗೂ ಈ ಕಾಯಿಲೆ ಬರಲ್ಲ. ಎಲ್ಲಾನೂ ಒಬ್ಬರ ಮೈಯಲ್ಲೇ ಸೇರಿದಾಗ ಏನೋ ಆಗುತ್ತೆ."

"ಏನಾಗುತ್ತೆ?"

"ಮೈ ಕಾಯೋ ಕಣಗಳು ಗುರುತು ತಪ್ಪುತ್ತವೆ. ವೈರಸ್ಸಿನ ಮೇಲಿರೋ ಒಂದು ಗುರುತು, ನಮ್ಮ ನರದ ಹೊದಿಕೆ ಮೇಲಿರೋ ಗುರುತು, ಎರಡೂ ಹತ್ತಿರ ಹತ್ತಿರ ಒಂದೇ ಥರ ಕಾಣ್ತಾವಂತೆ. ಪರರದ್ದು ಅಂದ್ಕೊಂಡು ನಮ್ಮದನ್ನೇ ಕತ್ತರಿಸ್ತವೆ."

ಆಗ ಮೆರನಳ ಮಗಳು ಓಸ್ಲಾ ಇನ್ನೂ ತೊಟ್ಟಿಲ ಕೂಸು.

ಈಗ ಓಸ್ಲಾಗೆ ಹದಿನೆಂಟು ತುಂಬಿದೆ. ದ್ವೀಪದ ಮಕ್ಕಳೆಲ್ಲರಂತೆ ಕರ್ಕ್‌ವಾಲ್ ಪೇಟೆಯ ಹಾಸ್ಟೆಲಿನಲ್ಲಿದ್ದು ಓದಿದಳು. ಎರಡು ವರ್ಷದ ಹಿಂದೆ ಅಲ್ಲೇ ಅವಳಿಗೆ ಗ್ರಂಥಿ ಜ್ವರ ಬಂದು ತಿಂಗಳೊಪ್ಪತ್ತು ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟಿತು. ಮೆರನಳ ಎದೆಯೊಳಗಿನ ಹೆದರಿಕೆ ಬಿಡಲಿಲ್ಲ. ಈ ವಸಂತದಲ್ಲಿ ಓಸ್ಲಾ ಸರಕು ಹಡಗಿನ ಅಧಿಕಾರಿಯ ತರಬೇತಿಗೆ ಆಯ್ಕೆಯಾದಳು. ನೆಸ್‌ಗಾರ್ತಿನ ಗಂಡಸರು ಮೂರು ತಲೆಮಾರು ಹಡಗಿನಲ್ಲಿ ಕೂಲಿಯವರಾಗಿ ದುಡಿದಿದ್ದರು. ಹಡಗು ನಡೆಸುವ ಕಡೆ ಹೊರಟವಳು ಇವಳೊಬ್ಬಳೇ. ಕಣ್ಣಿನ ಪರೀಕ್ಷೆಯಲ್ಲೂ ಪಾಸಾಗಿದ್ದಳು. ಕತ್ತಲಲ್ಲಿ ಎದುರಾಗುವ ಹಡಗಿನ ಕೆಂಪು ದೀಪ ಯಾವುದು ಹಸಿರು ದೀಪ ಯಾವುದು ಎಂದು ಹೇಳಲಾಗದವರಿಗೆ ಆ ಕೆಲಸವಿಲ್ಲ. ಆಗಸ್ಟಿನ ಕೊನೆಗೆ ಹಡಗು ಹತ್ತಬೇಕಿತ್ತು.

ಅದಕ್ಕೆ ಒಂದು ವಾರ ಮೊದಲು ಕುರಿದೊಡ್ಡಿಯ ದಿನ ಬಂತು.

ಆ ದ್ವೀಪದ ಕುರಿಗಳು ಕಡಲ ಪಾಚಿ ತಿಂದು ಬದುಕುವಂಥವು. ದ್ವೀಪದ ಸುತ್ತಲೂ ಎದೆಯೆತ್ತರದ ಕಲ್ಲುಗೋಡೆಯಿದೆ. ಹುಲ್ಲು ಒಳಗೆ, ಕುರಿ ಹೊರಗೆ. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸಲು ಊರಿಗೆ ಊರೇ ಸಾಲುಗಟ್ಟಿ ನಿಂತು ಅವುಗಳನ್ನು ದಡದುದ್ದಕ್ಕೂ ಅಟ್ಟಿ ಕಲ್ಲಿನ ದೊಡ್ಡಿಗೆ ತುಂಬುತ್ತಾರೆ. ಆ ದಿನವೇ ಹೊಸ ಮರಿಗಳ ಕಿವಿಗೆ ಗುರುತು ಹಾಕುವುದು. ಒಂದೊಂದು ಮನೆಗೂ ತಾತ ಮುತ್ತಾತರ ಕಾಲದಿಂದ ಬಂದ ಒಂದೊಂದು ಕಿವಿಗುರುತು. ತಾಯಿಕುರಿಯ ಬೆನ್ನ ಮೇಲಿನ ಬಣ್ಣ ನೋಡಿ, ಅದರ ಹಿಂದೆಯೇ ಬರುವ ಮರಿ ಯಾರ ಮನೆಯದೆಂದು ತಿಳಿದು, ಕಿವಿಯನ್ನು ಕತ್ತರಿಸುತ್ತಾರೆ. ನೆಸ್‌ಗಾರ್ತಿನದು ಕಂದು ಬಣ್ಣ, ಬ್ರೆಕನ್ ಮನೆಯದು ಕೆಂಪು. ಬಣ್ಣ ಮಳೆಗೆ ತೊಳೆದುಹೋಗಬಹುದು, ಕತ್ತರಿಸಿದ ಕಿವಿ ಮತ್ತೆ ಬೆಳೆಯುವುದಿಲ್ಲ. ಹಿಂದೆ ತಪ್ಪು ಕಿವಿ ಕತ್ತರಿಸಿದ ಒಂದು ಮನೆಯವರು ಊರವರ ಮುಖ ನೋಡಲಾಗದೆ ದ್ವೀಪ ಬಿಟ್ಟು ಹೋಗಿದ್ದರು.

ಅಟ್ಟುವಾಗ ಒಂದು ಟಗರು ಓಸ್ಲಾಳ ಎದುರೇ ಹಾರಿ ಮರಳನ್ನು ಅವಳ ಬಲಗಣ್ಣಿಗೆ ಎರಚಿತು. ಅಪ್ಪ ಸ್ಯಾಂಡರ್ ಸಿಹಿನೀರಿನಲ್ಲಿ ತೊಳೆದು, ಕರವಸ್ತ್ರ ಕಟ್ಟಿದ.

"ಹಡಗು ಹತ್ತೋ ಮೊದ್ಲೇ ಕಡಲ್ಗಳ್ಳಿ ಆಗ್ಬಿಟ್ಯಲ್ಲೇ" ಎಂದು ಎರ್ಟಿ ನಗಾಡಿದ.

"ಹುಷಾರಾಗಿರು ಎರ್ಟಿ ತಾತ, ಮೊದಲು ನಿನ್ನ ದೋಣೀನೇ ದೋಚೋದು."

"ದೋಚು ದೋಚು. ಅದರಲ್ಲಿ ತೂತು ಬಿಟ್ಟು ಇನ್ನೇನಿದೆ."

ಎಲ್ಲರೂ ನಕ್ಕರು. ಮೆರನ್ ದೊಡ್ಡಿಯ ಬಾಯಿಯಲ್ಲಿ ಮಗುಚಿದ ಮೀನಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಒಳಬರುವ ಕುರಿ ಯಾರದೆಂದು ಕೂಗಿ ಹೇಳುವುದು ಅವಳ ಕೆಲಸ. ಕೂಗುತ್ತಲೇ ಅವಳು ಮಗಳನ್ನು ಗಮನಿಸಿದಳು. ಓಸ್ಲಾ ಪಕ್ಕಕ್ಕೆ ನೋಡಬೇಕಾದಾಗ ಕಣ್ಣು ಹೊರಳಿಸುತ್ತಿರಲಿಲ್ಲ; ಇಡೀ ತಲೆಯನ್ನೇ ತಿರುಗಿಸುತ್ತಿದ್ದಳು, ಕುತ್ತಿಗೆ ಹಿಡಿದುಕೊಂಡವರ ಹಾಗೆ. ಮರಳು ಹೊಕ್ಕದ್ದು ಬಲಗಣ್ಣಿಗೆ. ಆದರೆ ಅವಳು ಆಗಾಗ ಅಂಗೈಯಿಂದ ಒತ್ತಿಕೊಳ್ಳುತ್ತಿದ್ದುದು ಬಯಲಾಗಿದ್ದ ಎಡಗಣ್ಣನ್ನು.

ಮೆರನಳ ಕೂಗು ಒಂದೆರಡು ಸಲ ತಪ್ಪಿತು.

ಉಣ್ಣೆ ಕತ್ತರಿಸುವುದು ಅರ್ಧ ಮುಗಿದಿತ್ತು. ಓಸ್ಲಾ ಮೂಲೆಯಲ್ಲಿ ಮರಿಗಳನ್ನು ಒಂದೊಂದಾಗಿ ಹಿಡಿದು ಮಂಡಿಗಳ ನಡುವೆ ಅಮುಕಿ ಕಿವಿಗೆ ಗುರುತು ಹಾಕುತ್ತಿದ್ದಳು. ಎರ್ಟಿ ತನ್ನ ಕುರಿಯೊಂದನ್ನು ಎಳೆದುಕೊಳ್ಳಲು ಅತ್ತ ಹೋದವನು ನಿಂತುಬಿಟ್ಟ. ಒಂದು ಮರಿಯನ್ನೆತ್ತಿ ಅದರ ಕಿವಿ ನೋಡಿದ. ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿದ. ಅವನ ಸುತ್ತ ಕತ್ತರಿಗಳ ಸದ್ದು ಒಂದೊಂದಾಗಿ ನಿಂತಿತು.

"ಮೆರನ್, ನಿಮ್ಮ ಮನೇಲಿ ಕುರಿ ಸಾಲ್ತಾ ಇಲ್ವೇನಮ್ಮ?" ಎಂದ. ದನಿ ಏರಿರಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ."

ಅವನ ಕೈಯಲ್ಲಿದ್ದ ಮರಿಯ ಕಿವಿಯಿಂದ ಇನ್ನೂ ರಕ್ತ ಜಿನುಗುತ್ತಿತ್ತು. ನೆಸ್‌ಗಾರ್ತಿನ ಗುರುತು. ಮರಿಗಾಗಿ ಅರಚುತ್ತಾ ಎರ್ಟಿಯ ಕಾಲಿಗೆ ಹಾಯುತ್ತಿದ್ದ ತಾಯಿಕುರಿಯ ಬೆನ್ನ ಮೇಲೆ ಅಂಗೈಯಗಲದ ಕೆಂಪು.

ಸ್ಯಾಂಡರನ ಮುಖ ಸುಣ್ಣದಂತಾಯಿತು. "ಓಸ್ಲಾ, ಇದೇನೇ ಇದು?"

"ತಪ್ಪಾಯ್ತು" ಎಂದಳು ಓಸ್ಲಾ. "ಆತುರದಲ್ಲಿ ನೋಡಲಿಲ್ಲ."

"ಒಂದಾದ್ರೆ ಆತುರ" ಎಂದ ಎರ್ಟಿ. "ಈ ಮೂಲೇಲಿ ನಂದೇ ಮೂರು ಮರಿ ನಿಮ್ಮ ಮನೇಗೆ ಸೇರಿವೆ."

"ಹಾಗಾದ್ರೆ ಕದ್ದೆ ಅಂದ್ಕೋ."

ಮೆರನ್ ಗೋಡೆ ಹಿಡಿದು ಎದ್ದಳು. ಎಡಗಾಲನ್ನು ಎಳೆಯುತ್ತಾ, ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದು, ಮಗಳ ತೋಳು ಹಿಡಿದಳು.

"ನನ್ಜೊತೆ ಬಾ."

ದೊಡ್ಡಿಯ ಗೋಡೆಯಾಚೆ ಪಾಚಿ ಕೊಳೆಯುವ ವಾಸನೆಯಲ್ಲಿ ಇಬ್ಬರೂ ಎದುರುಬದುರು ನಿಂತರು. ಮೆರನ್ ಕುರಿಗಳ ಬೆನ್ನಿಗೆ ಬಳಿಯುವ ಬಣ್ಣದ ಗಟ್ಟಿಗಳಿದ್ದ ಚೀಲವನ್ನು ಜೊತೆಗೇ ತಂದಿದ್ದಳು. ಒಳಗೆ ಕೈಹಾಕಿ ಒಂದನ್ನು ತೆಗೆದು ಮಗಳ ಮುಖದ ಮುಂದೆ ಹಿಡಿದಳು.

"ಇದು ಯಾವ ಬಣ್ಣ?"

"ಅಮ್ಮ, ಆಟ ಬೇಡ."

"ಯಾವ ಬಣ್ಣ ಹೇಳು."

ಓಸ್ಲಾ ತುಟಿ ಕಚ್ಚಿದಳು. "ಕಂದು."

ಮೆರನ್ ಗಟ್ಟಿಯನ್ನು ಅಲ್ಲೇ ಹಿಡಿದು, ಇನ್ನೊಂದು ಕೈಯಿಂದ ಕರವಸ್ತ್ರವನ್ನು ಮೇಲೆತ್ತಿದಳು. ಊದಿಕೊಂಡ ಬಲಗಣ್ಣು ನೀರು ಸುರಿಸುತ್ತಾ ಕಷ್ಟಪಟ್ಟು ತೆರೆಯಿತು. ಓಸ್ಲಾ ಗಟ್ಟಿಯನ್ನು ನೋಡಿದಳು. ಅದು ಕೆಂಪು.

"ಎಡಗಣ್ಣಲ್ಲಿ ಯಾವತ್ತಿನಿಂದ?" ಎಂದಳು ಮೆರನ್.

"ಐದಾರು ದಿನ. ಹೊರಳಿಸಿದ್ರೆ ಹಿಂದೆ ಎಲ್ಲೋ ಎಳೆದ ಹಾಗೆ ನೋವು. ಬೆಳಿಗ್ಗೆ ಪರವಾಗಿಲ್ಲ. ಓಡಿ ಮೈ ಬಿಸಿ ಆದ್ರೆ ಹೊಗೆ ಹಿಡಿದ ಗಾಜಿನ ಥರ. ಎರಡೂ ಕಣ್ಣಿದ್ರೆ ಗೊತ್ತಾಗಲ್ಲ. ಇವತ್ತು ಒಂದನ್ನ ಕಟ್ಟಿಬಿಟ್ರಲ್ಲ, ಅದಕ್ಕೆ." ಅವಳು ತಾಯಿಯ ಎರಡೂ ಕೈ ಹಿಡಿದುಕೊಂಡಳು. "ಬಾಯಿ ಬಿಡ್ಬೇಡಮ್ಮ. ಇನ್ನೊಂದು ವಾರ ಅಷ್ಟೆ. ಕಣ್ಣಿನ ಪರೀಕ್ಷೆ ಆಗೋಗಿದೆ, ಮತ್ತೆ ಯಾರೂ ನೋಡಲ್ಲ. ಹಡಗಿಗೆ ಸೇರ್ಕೊಂಡ್ಮೇಲೆ ಎಲ್ಲಾದ್ರೂ ತೋರಿಸ್ಕೋತೀನಿ."

"ರಾತ್ರಿ ಕಾವಲಲ್ಲಿ ಕೆಂಪು ದೀಪ ಎದುರಿಗೆ ಬಂದ್ರೆ?"

"ಬಲಗಣ್ಣಿದೆ."

"ಅದಕ್ಕೂ ಬಂದ್ರೆ?"

ಓಸ್ಲಾ ಕೈ ಬಿಟ್ಟಳು. "ನೀನು ಹೇಳಿದ್ಯಾ ಯಾರಿಗಾದ್ರೂ? ಯಾವತ್ತಾದ್ರೂ? ಅಪ್ಪನ ಹತ್ರಾನೂ ಒಂದ್ಸಲ ಹೇಳಿಲ್ಲ. ಇಷ್ಟು ವರ್ಷ ನೀನು ಗಿರಣೀಲಿ ತುಟಿಗೆ ಉಣ್ಣೆ ಒರೆಸ್ಕೊಂಡು ಕೂತಿದ್ರೆ ಸರಿ, ನಾನು ಒಂದು ವಾರ ಸುಮ್ಮನಿದ್ರೆ ತಪ್ಪಾ?"

ಕಡಲ ಮೇಲೆ ಬಿಳಿ ಮಂಜಿನ ಗೋಡೆ ಕಟ್ಟುತ್ತಿತ್ತು. ಅದು ದಡಕ್ಕೆ ಬಂದು ಕೂತರೆ ದಿನಗಟ್ಟಲೆ ವಿಮಾನವಿಲ್ಲ. ಅಷ್ಟರಲ್ಲಿ ಹಡಗಿನ ದಿನ ಬಂದುಬಿಡುತ್ತದೆ, ಓಸ್ಲಾ ಹೋಗಿಬಿಡುತ್ತಾಳೆ. ಗೋಡೆಯ ಈಚೆ ಸುಮ್ಮನಿದ್ದರೆ ಮಗಳಿಗೆ ಹಡಗು ಉಳಿಯುತ್ತದೆ. ಗೋಡೆಯಾಚೆ ಅವಳು ಕುರಿಗಳ್ಳಿಯಾಗುತ್ತಾಳೆ, ಅದನ್ನು ಹೊತ್ತುಕೊಳ್ಳಲೂ ಅವಳು ಸಿದ್ಧಳಿದ್ದಾಳೆ. ಮಾತಾಡಿದರೆ ಹೆಸರು ಉಳಿಯುತ್ತದೆ, ಕಣ್ಣಿಗೆ ಮದ್ದು ಸಿಗುತ್ತದೆ, ಹಡಗು ಹೋಗುತ್ತದೆ.

ಅವಳು ದೊಡ್ಡಿಯ ಬಾಯಿಗೆ ಹೋಗಿ ನಿಂತಳು. ಎಲ್ಲರೂ ಕಾದಿದ್ದರು.

"ಎರ್ಟಿ" ಎಂದಳು. "ಅವಳು ಕದ್ದಿಲ್ಲ. ಅವಳಿಗೆ ಕೆಂಪು ಕಾಣ್ತಿಲ್ಲ. ಕಟ್ಟಿರೋ ಕಣ್ಣು ಚೆನ್ನಾಗಿದೆ. ಬಿಟ್ಟಿರೋ ಕಣ್ಣೇ ಹೋಗ್ತಾ ಇರೋದು. ನನ್ನ ಕಾಲು, ನನ್ನ ಕೈ ಹೋಯ್ತಲ್ಲ, ಅದೇ ಕಾಯಿಲೆ ಇರಬಹುದು. ನನಗಿರೋದು ಎಂ.ಎಸ್. ನಿಮಗೆಲ್ಲ ಗೊತ್ತು. ನಾನು ಹೇಳಿರಲಿಲ್ಲ, ಈಗ ಹೇಳ್ತಿದೀನಿ."

ಜನ ತಮ್ಮ ಬೂಟುಗಳನ್ನು ನೋಡಿಕೊಂಡರು. ಸ್ಯಾಂಡರ್ ಕತ್ತರಿಯನ್ನು ನಿಧಾನವಾಗಿ ಕೆಳಗಿಟ್ಟ. ಫ್ರೀಡಾ, ತೋಳಿಗೆಲ್ಲ ಉಣ್ಣೆಯ ಜಿಡ್ಡು ಮೆತ್ತಿಕೊಂಡವಳು, ಆಗಲೇ ಗೋಡೆ ದಾಟಿ ಓಸ್ಲಾಳ ಕಡೆ ಹೋಗಿದ್ದಳು. ಸ್ವಲ್ಪ ಹೊತ್ತಿನಲ್ಲಿ ಹಿಂತಿರುಗಿ, "ಇವಳು ಇವತ್ತೇ ಹೋಗ್ಬೇಕು. ಕರ್ಕ್‌ವಾಲ್‌ಗೆ, ಅಲ್ಲಿಂದ ಅಬರ್ಡೀನಿಗೆ. ನಾನು ಫೋನ್ ಮಾಡ್ತೀನಿ. ಆದ್ರೆ ವಿಮಾನ ಎಲ್ಲಿದೆ?" ಎಂದಳು.

ದೊಡ್ಡಿಯ ದಿನ ಸಂಜೆಯ ವಿಮಾನ ಬೇಡವೆಂದು ಹೇಳಿಬಿಡುವುದು ರೂಢಿ. ಬೆಂಕಿ ಪಡೆಯವರೆಲ್ಲ ಕುರಿಗಳ ನಡುವೆ ಇರುತ್ತಾರೆ. ಪಡೆ ನಿಲ್ಲದೆ ವಿಮಾನ ಇಳಿಯುವಂತಿಲ್ಲ. ಎಲ್ಲರೂ ಎರ್ಟಿಯ ಕಡೆ ನೋಡಿದರು. ಅವನು ರಕ್ತದ ಕಿವಿಯ ಮರಿಯನ್ನು ಇನ್ನೂ ಹಿಡಿದೇ ಇದ್ದ.

"ನನ್ನ ತಂಗಿ ಬ್ಯಾಬ್ಸ್‌ಗೆ ಬೆನ್ನುನೋವು ಅಂತ ಅವಳು ಸಾಯೋ ತನಕ ಹೇಳ್ಕೊಂಡು ಬಂದ್ವಿ" ಎಂದ, ಯಾರನ್ನೂ ನೋಡದೆ. "ಬೆನ್ನಲ್ಲಿ ಏನೂ ಇರಲಿಲ್ಲ." ಮರಿಯನ್ನು ತಾಯಿಯ ಪಕ್ಕ ಬಿಟ್ಟ. "ಯಾಕೆ ಎಲ್ಲರೂ ನನ್ನ ಬಾಯಿ ನೋಡ್ತಾ ನಿಂತ್ರಿ? ಕುರಿ ಎಲ್ಲಿಗೂ ಹಾರಿ ಹೋಗಲ್ಲ. ಸ್ಯಾಂಡರ್, ಟ್ರ್ಯಾಕ್ಟರ್ ತೆಗಿ. ಫ್ರೀಡಾ, ವಿಮಾನದೋರಿಗೆ ಹೇಳು, ಎರ್ಟಿ ಗಾಡಿ ಹತ್ರ ನಿಂತಿದಾನೆ ಅಂತ."

ಮಂಜು ಅವರಿಗಿಂತ ಮುಂಚೆ ಹೊರಟಿತ್ತು. ವಿಮಾನದಂಗಳ ತಲುಪುವಷ್ಟರಲ್ಲಿ ದೀಪಸ್ತಂಭದ ತಲೆ ಕಾಣಿಸುತ್ತಿರಲಿಲ್ಲ. ಪಡೆಯವರು ಉಣ್ಣೆ ಅಂಟಿದ ಬಟ್ಟೆಯ ಮೇಲೇ ದಪ್ಪ ಅಂಗಿ ತೊಟ್ಟು ನಿಂತರು. ವಿಮಾನದ ಸದ್ದು ತಲೆಯ ಮೇಲೆ ಒಮ್ಮೆ ಸುತ್ತಿತು, ಕಣ್ಣಿಗೆ ಬೀಳಲಿಲ್ಲ. ಸದ್ದು ದೂರವಾಯಿತು.

"ಹೋಯ್ತು" ಎಂದ ಯಾರೋ.

"ಬಾಯಿ ಮುಚ್ಕೊಂಡು ನಿಂತ್ಕೊಳೋ" ಎಂದ ಎರ್ಟಿ.

ಓಸ್ಲಾ ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಮೆರನ್ ಹತ್ತಿರ ಹೋದಳು.

"ನನ್ನ ಹಡಗನ್ನ ನೀನೇ ಮುಳುಗಿಸಿಬಿಟ್ಟೆ" ಎಂದಳು ಓಸ್ಲಾ.

"ಹೌದು."

"ಇದು ನಿನ್ನಿಂದ ಬಂದಿದ್ದಾ?"

ಮೆರನ್ ಈ ಪ್ರಶ್ನೆಗೆ ಮಗಳು ಹುಟ್ಟಿದಾಗಿನಿಂದ ಹೆದರಿದ್ದಳು. ಇಲ್ಲ ಎನ್ನಬಹುದಿತ್ತು, ತಾಯಿಗೆ ಬಂದರೆ ಮಗಳಿಗೂ ಬರಲೇಬೇಕೆಂದಿಲ್ಲವೆಂದು ಫ್ರೀಡಾ ಎಷ್ಟೋ ಸಲ ಹೇಳಿದ್ದಳು.

"ಸ್ವಲ್ಪ ನನ್ನಿಂದ ಇರಬಹುದು. ಸ್ವಲ್ಪ ಈ ಬಿಸಿಲಿಲ್ಲದ ಆಕಾಶದಿಂದ. ಸ್ವಲ್ಪ ಹಾಸ್ಟೆಲಲ್ಲಿ ಬಂದಿತ್ತಲ್ಲ ಆ ಜ್ವರದಿಂದ. ಯಾವುದು ಎಷ್ಟು ಅಂತ ಯಾರ ಕೈಲೂ ತೂಗಕ್ಕಾಗಲ್ಲ ಮಗಾ. ನಿನಗೆ ಅದೇ ಇದೆಯೋ ಇಲ್ವೋ, ಅದೂ ಗೊತ್ತಿಲ್ಲ. ನೋಡ್ಸಿದ್ರೆ ಗೊತ್ತಾಗುತ್ತೆ. ನನ್ನ ಕಾಲದಲ್ಲಿ ಕೊಡೋಕೆ ಹೆಚ್ಚೇನೂ ಇರಲಿಲ್ಲ. ಈಗ ಬೇಗ ಶುರು ಮಾಡಿದ್ರೆ ತಡೆಯೋ ಮದ್ದಿದೆ ಅಂತಾಳೆ ಫ್ರೀಡಾ."

ಸದ್ದು ಮತ್ತೆ ಬಂತು, ಈ ಸಲ ಕೆಳಗಿನಿಂದ, ಕಡಲ ಕಡೆಯಿಂದ. ಮಂಜಿನ ಅಂಚು ಹರಿದು ಪುಟ್ಟ ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತಾ ಇಳಿಯಿತು. ಪೈಲಟ್ ಎಂಜಿನ್ ನಿಲ್ಲಿಸಲೇ ಇಲ್ಲ. ಬಾಗಿಲಿನಿಂದ ಕೈ ಬೀಸಿ ಬೇಗ ಬೇಗ ಎಂದ. ಫ್ರೀಡಾ ಓಸ್ಲಾಳ ಜೊತೆ ಹತ್ತಿದಳು. ಓಸ್ಲಾ ಹಿಂತಿರುಗಿ ನೋಡಲಿಲ್ಲ. ಅವರು ಮೇಲೇರಿದ ಮೇಲೆ ಮಂಜು ಇಡೀ ಅಂಗಳವನ್ನು ನುಂಗಿತು.

ಅದಾದ ಮೇಲೆ ಹಲವು ದಿನ ಓಸ್ಲಾಳ ದನಿ ಕೇಳಲಿಲ್ಲ. ಸುದ್ದಿಯೆಲ್ಲ ಫ್ರೀಡಾಳ ಮೂಲಕ ಬರುತ್ತಿತ್ತು: ತಲೆಯ ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದರು, ಸ್ಟಿರಾಯ್ಡ್ ಕೊಡುತ್ತಿದ್ದಾರೆ. ಮೆರನ್ ಗಿರಣಿಗೆ ಹೋದಳು, ಬಂದಳು. ಮನೆಯಲ್ಲಿ ಸ್ಯಾಂಡರ್ ಏನನ್ನೋ ಕೇಳಲು ಬಾಯಿ ತೆರೆದು, ಬೆಂಕಿಗೆ ಕಟ್ಟಿಗೆ ಹಾಕಿ ಸುಮ್ಮನಾಗುತ್ತಿದ್ದ.

ಸೆಪ್ಟೆಂಬರಿನ ಒಂದು ಸಂಜೆ, ಇಬ್ಬರೂ ಬಟಾಣಿ ಸೂಪಿಗೆ ಬಾರ್ಲಿ ರೊಟ್ಟಿ ಮುರಿದುಕೊಳ್ಳುತ್ತಿದ್ದಾಗ, ಫೋನ್ ಬಂತು.

"ಅಮ್ಮ."

"ಹೇಳು ಮಗಾ."

"ಅದೇ. ತಲೆಯೊಳಗೆ ಹಳೇ ಕಲೆಗಳೂ ಇವೆಯಂತೆ. ನನಗೆ ಗೊತ್ತಾಗದೆ ಹಿಂದೆಯೂ ಆಗಿರಬೇಕು. ಮದ್ದು ಶುರು ಮಾಡ್ತಾರೆ, ಆರು ತಿಂಗಳಿಗೊಂದ್ಸಲ ರಕ್ತನಾಳಕ್ಕೆ." ಓಸ್ಲಾಳ ದನಿ ಓದಿ ಹೇಳಿದಂತೆ ಇತ್ತು. "ಕಣ್ಣು ವಾಪಸ್ ಬರ್ತಾ ಇದೆ. ಕೆಂಪು ಇನ್ನೂ ಸರಿಯಾಗಿಲ್ಲ. ಹಡಗಿನೋರಿಗೆ ನಾನೇ ಫೋನ್ ಮಾಡಿ ಹೇಳ್ದೆ. ಒಂದು ವರ್ಷ ಕಳೀಲಿ, ಆಮೇಲೆ ನೋಡೋಣ ಅಂದ್ರು. ಅದು ಬೇಡ ಅನ್ನೋದಕ್ಕೆ ಮರ್ಯಾದೆ ಮಾತು."

ಮೆರನ್ ಗೋಡೆಗೆ ಒರಗಿದಳು. "ನನ್ನ ಮೇಲೆ ಸಿಟ್ಟಿದೆಯಾ?"

"ಇದೆ." ಓಸ್ಲಾ ಮುಂದುವರಿಸಿದಳು: "ಪಕ್ಕದ ಹಾಸಿಗೇಲಿ ಒಬ್ಬಳಿದಾಳೆ, ಶೆಟ್‌ಲ್ಯಾಂಡಿನೋಳು. ಮನೇಲಿ ಯಾರಿಗಾದ್ರೂ ಇದೆಯಾ ಅಂತ ಕೇಳಿದಳು. ನಮ್ಮಮ್ಮಂಗಿದೆ ಅಂದೆ. ಹೇಗೆ ಶುರುವಾಯ್ತು ಅಂದಳು. ನಂಗೆ ಗೊತ್ತಿಲ್ಲ ಅಂದೆ. ನಾಚಿಕೆ ಆಯ್ತಮ್ಮ. ಹದಿನೆಂಟು ವರ್ಷ ಒಂದೇ ಮನೇಲಿದ್ವಿ. ಹೇಳು. ಮೊದಲಿಂದ. ನಂಗೆ ಮುಂದೆ ಏನೇನು ಬರಬಹುದು ಅಂತ ಡಾಕ್ಟರು ಹೇಳ್ತಾರೆ. ಅದನ್ನ ಇಟ್ಕೊಂಡು ದಿನಾ ಹೇಗೆ ಏಳೋದು ಅಂತ ಅವರಿಗೆ ಗೊತ್ತಿಲ್ಲ."

ತಾಯಿ ಮಗಳು ಮಾತಾಡಿಕೊಳ್ಳಲೆಂದು ಸ್ಯಾಂಡರ್ ತಟ್ಟೆ ಹಿಡಿದು ಎದ್ದಿದ್ದ. ಮೆರನ್ ಅವನ ತೋಳು ಹಿಡಿದು ಕೂರಿಸಿದಳು. ತಾನೂ ಕುರ್ಚಿ ಎಳೆದುಕೊಂಡಳು.

"ನೀನಾಗ ಹೊಟ್ಟೇಲಿದ್ದೆ" ಎಂದಳು. "ಒಂದು ಬೆಳಿಗ್ಗೆ ಎಡಗಾಲಿನ ಕಾಲುಚೀಲ ಒದ್ದೆ ಆಗಿದೆ ಅನ್ನಿಸ್ತು. ಬಿಚ್ಚಿ ನೋಡಿದ್ರೆ ಒಣಗಿತ್ತು. ಬೇರೆ ಹಾಕ್ಕೊಂಡೆ. ಅದೂ ಒದ್ದೆ ಅನ್ನಿಸ್ತು. ಮನೇಲಿದ್ದ ಕಾಲುಚೀಲ ಎಲ್ಲಾ ಒಂದೊಂದಾಗಿ ಹಾಕಿ ನೋಡಿದೆ. ನಿಮ್ಮಪ್ಪ ಒಳಗೆ ಬಂದು, ಏನೇ ಇದು ಇಷ್ಟೊಂದು ಹರಡಿದೀಯ ಅಂದ್ರು. ತೊಳೆಯೋಕೆ ತೆಗ್ದೆ ಅಂದ್ಬಿಟ್ಟೆ."

ಸ್ಯಾಂಡರ್ ಚಮಚವನ್ನು ತಟ್ಟೆಯಲ್ಲಿಟ್ಟು ಅವಳನ್ನೇ ನೋಡುತ್ತಿದ್ದ.

"ಆಮೇಲೆ?" ಎಂದಳು ಓಸ್ಲಾ.